ಕೈ ಮುರಿದ ಸಿಪಾಯಿಯ ಒಂದು ಅರ್ಜಿ

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಕನ್ನಡದ ಗುರುಗಳು ಕರೆದು ಹೇಳಿದಾಗ ನನ್ನ ಎಡಗೈ ಪ್ಲಾಸ್ಟರಿನೊಳಗೆ ಮಲಗಿತ್ತು. ಅದನ್ನೇ ನೆಪವಾಗಿ ಮುಂದೆ ಹಿಡಿದೆ. ಅವರು ಕನ್ನಡಕದ ಮೇಲಿನಿಂದ ನೋಡಿ, “ಬರೆಯುವ ಕೈ ನೆಟ್ಟಗಿದೆಯಷ್ಟೆ?” ಎಂದರು. ನೆಟ್ಟಗಿತ್ತು. ಹೀಗೆ, ಪತ್ರಿಕೆಯಲ್ಲಿ ಹೆಸರು ಕಾಣಬೇಕೆಂಬ ಹಂಬಲ ಎಂದೂ ಇಲ್ಲದ ಒಬ್ಬ ಸಿಪಾಯಿ ಲೇಖಕನಾದ. ಸಿಪಾಯಿ ಎಂದ ಕೂಡಲೆ ವಾಚಕ ಮಿತ್ರರು ದೊಡ್ಡದೇನನ್ನೂ ಊಹಿಸಬಾರದು. ನಾನು ಸೈನ್ಯದಲ್ಲಿಲ್ಲ, ಎನ್.ಸಿ.ಸಿ.ಯಲ್ಲಿ ಕೂಡ ಇಲ್ಲ. ನಾನು ಕಿತ್ತೂರು ಸಂಸ್ಥಾನದ ಸಿಪಾಯಿ, 1824ನೆಯ ಇಸವಿಯವನು. ಅದೂ ವರ್ಷಕ್ಕೆ ಐದಾರು ಸಲ, ರಾತ್ರಿ ಎಂಟರಿಂದ ಹನ್ನೊಂದರ ವರೆಗೆ ಮಾತ್ರ.

ನಮ್ಮದು ಕಿತ್ತೂರು ಸೀಮೆಯ ಒಂದು ಸಣ್ಣ ಹಳ್ಳಿ. ಅಲ್ಲಿ ರಾಣಿ ಚೆನ್ನಮ್ಮನ ಯುದ್ಧದ ರೂಪಕವನ್ನು ಆಡುವ ಒಂದು ತಂಡವಿದೆ. ಆಟ ಬಯಲಿನಲ್ಲಿ ನಡೆಯುತ್ತದೆ. ನಾಲ್ಕು ಕಂಬ ನೆಟ್ಟು ಬಣ್ಣದ ಪರದೆ ಬಿಗಿದರೆ ಅದೇ ಕಿತ್ತೂರ ಕೋಟೆಯ ಹೆಬ್ಬಾಗಿಲು. ಕಂಪನಿ ಸರಕಾರದ ಸೈನಿಕರ ಕೆಂಪು ಕೋಟುಗಳು ಮದುವೆಯ ಬ್ಯಾಂಡಿನವರಿಂದ ಬಾಡಿಗೆಗೆ ಬರುತ್ತವೆ. ಆದುದರಿಂದ ಲಗ್ನದ ಮುಹೂರ್ತವಿದ್ದ ದಿನ ಬ್ರಿಟಿಷರು ನಮ್ಮ ಮೇಲೆ ದಂಡೆತ್ತಿ ಬರುವಂತಿಲ್ಲ. ಥ್ಯಾಕರೆ ಸಾಹೇಬನ ಕುದುರೆಯೂ ಮದುವಣಿಗರನ್ನು ಹೊತ್ತು ಪಳಗಿದ ಪ್ರಾಣಿ. ತೋಪಿನ ಸದ್ದಿಗೆಂದು ನಾವು ಹಚ್ಚುವ ಪಟಾಕಿಗೆ ಅದು ಕಿವಿಯನ್ನೂ ಅಲುಗಿಸುವುದಿಲ್ಲ. ಬೆಚ್ಚಿ ಬೀಳುವವನು ಅದರ ಮೇಲೆ ಕುಳಿತ ಥ್ಯಾಕರೆ. ಬಂದೂಕುಗಳು ಕಟ್ಟಿಗೆಯವು, ಕತ್ತಿಗಳು ತಗಡಿನವು. ಆದರೆ ದೊಣ್ಣೆಗಳು ಮಾತ್ರ ನಿಜವಾದ ಬಿದಿರು. ನನ್ನ ಕಥೆ ಆ ಬಿದಿರಿನಿಂದಲೇ ಆರಂಭವಾಗುತ್ತದೆ.

ಯುದ್ಧದ ಪ್ರವೇಶವನ್ನು ಕಲಿಸುವವರು ನಮ್ಮೂರ ಗರಡಿಮನೆಯ ಉಸ್ತಾದರು. ಎಪ್ಪತ್ತು ದಾಟಿದ ಹಳೆಯ ಪೈಲವಾನರು. ನೋಡುವವರಿಗೆ ನಮ್ಮ ಯುದ್ಧ ಒಂದು ಗದ್ದಲದ ಹಾಗೆ ಕಾಣುತ್ತದೆ. ಒಳಗೆ ಎಲ್ಲವೂ ಎಣಿಕೆ. ಒಂದೊಂದು ಜೋಡಿಗೆ ಹನ್ನೆರಡು ಎಣಿಕೆ: ಮೊದಲನೆಯದು ತಲೆಗೆ, ಎರಡನೆಯದು ಎಡ ಭುಜಕ್ಕೆ, ಮೂರನೆಯದಕ್ಕೆ ಹಿಂದೆ ಸರಿಯುವುದು, ಹೀಗೆ. ದೊಣ್ಣೆಯ ಪೆಟ್ಟು ಎದುರಿನವನ ಮೈಯಿಂದ ಒಂದು ಗೇಣು ಈಚೆಗೇ ನಿಲ್ಲಬೇಕು. ಆದರೆ ನೋಡುವವನಿಗೆ ಅದು ಬಿದ್ದೇಬಿಟ್ಟಿತೆನಿಸಬೇಕು. ಇದಕ್ಕೆಲ್ಲ ಮೂಲವಾದ ಸೂತ್ರವನ್ನು ಉಸ್ತಾದರು ದಿನಕ್ಕೆ ಇಪ್ಪತ್ತು ಸಲ ಒದರುತ್ತಾರೆ: “ಮೊದಲ ಕಣ್ಣಿಗಿ ಕಣ್ಣ ಕೊಡ್ರಿ, ಆಮ್ಯಾಲ ಕೈ ಎತ್ರಿ!” ಎದುರಿನವನು ನನ್ನನ್ನು ನೋಡುತ್ತಿದ್ದಾನೆಂದು ನನಗೆ ಖಾತ್ರಿಯಾಗದೆ ನಾನು ದೊಣ್ಣೆಯನ್ನು ಎತ್ತಕೂಡದು. ಅವನೂ ಹಾಗೆಯೇ.

ನನ್ನ ಜೋಡಿ ನನ್ನ ಗೆಳೆಯ. ಒಂದೇ ಊರು, ಒಂದೇ ತರಗತಿ, ಬೆಳಗಿನ ಒಂದೇ ಬಸ್ಸು. ಎತ್ತರದ ಆಳಾದುದರಿಂದ ಅವನ ಪಾಲಿಗೆ ಕೆಂಪು ಕೋಟು ಬಂದಿದೆ. ಕುಳ್ಳನಾದ ನನಗೆ ಪಟಕ ಮತ್ತು ದೇಶಪ್ರೇಮ. ಮೂರು ವರ್ಷಗಳಲ್ಲಿ ಅವನು ಹದಿನೇಳು ಸಲ ನನ್ನ ಕೈಯಿಂದ ಸತ್ತಿದ್ದಾನೆ. ಪ್ರತಿ ಸಲವೂ ಸತ್ತವನು ಎದ್ದು ಮೈಮೇಲಿನ ಧೂಳು ಜಾಡಿಸಿಕೊಂಡ ಮೇಲೆ ಇಬ್ಬರೂ ಕೂಡಿ ಮಿರ್ಚಿ ಭಜಿ ತಿನ್ನಲು ಹೋಗಿದ್ದೇವೆ.

ಕಳೆದ ಸೆಪ್ಟೆಂಬರಿನ ಒಂದು ಸಂಜೆ, ತಾಲೀಮಿನ ಹೊತ್ತಿನಲ್ಲಿ, ಏಳನೆಯ ಎಣಿಕೆಗೆ ನಾನು ಎಡಗೈಯ ಢಾಲನ್ನು ಎತ್ತಿ ಅವನ ಪೆಟ್ಟನ್ನು ತಡೆಯಬೇಕಾಗಿತ್ತು. ಢಾಲಿನ ಬಾರು ಹಿಂದಿನ ದಿನವೇ ಹರಿದಿತ್ತು. ನಾಳೆ ಹೊಲಿಸಿದರಾಯಿತೆಂದು ಢಾಲನ್ನು ಮೂಲೆಗೆ ಒರಗಿಸಿ ಬಂದಿದ್ದೆ. ಅಷ್ಟೇ ಆಗಿದ್ದರೆ ಬದುಕುತ್ತಿದ್ದೆನೋ ಏನೋ. ಆ ದಿನ ಯಾರೋ ಮೊಬೈಲಿನಲ್ಲಿ ನಮ್ಮ ಚಿತ್ರ ಹಿಡಿಯುತ್ತಿದ್ದರು. ಏಳನೆಯ ಎಣಿಕೆಗೆ ಸರಿಯಾಗಿ ನಾನು ಗೆಳೆಯನ ಕಣ್ಣನ್ನು ಬಿಟ್ಟು ಆ ಮೊಬೈಲಿನ ಕಣ್ಣನ್ನು ನೋಡಿ ಹಲ್ಲು ಕಚ್ಚಿ ವೀರಾವೇಶದ ಮುಖ ಮಾಡಿದೆ. ಸಾಲದೆಂದು ಒಂದು ಹೆಜ್ಜೆ ಮುಂದೆಯೂ ಹಾಕಿದೆ. ಒಂದು ಗೇಣಿನ ಅಂತರ ಅಲ್ಲಿಗೆ ಮುಗಿಯಿತು. ಕಬ್ಬಿನ ಜಲ್ಲೆ ಮುರಿದ ಹಾಗೆ ಸದ್ದಾಯಿತು. ನೋವು ಆಮೇಲೆ ಬಂತು. ಮೊದಲು ನನಗೆ ಕಂಡದ್ದು ಗೆಳೆಯನ ಮುಖ. ಅವನು ದೊಣ್ಣೆಯನ್ನು, ಅದೇನೋ ಹಾವು ಎಂಬಂತೆ, ದೂರ ಎಸೆದ.

ಜಿಲ್ಲಾ ಪಟ್ಟಣದ ಎಲುಬಿನ ಡಾಕ್ಟರು ಕ್ಷ-ಕಿರಣದ ಚಿತ್ರವನ್ನು ದೀಪಕ್ಕೆ ಹಿಡಿದು ತೋರಿಸಿದರು. ಮುಂಗೈಯಲ್ಲಿ ಎರಡು ಎಲುಬುಗಳು; ಕಿರುಬೆರಳಿನ ಕಡೆಗಿರುವುದರ ಹೆಸರು ಅಲ್ನಾ. ಪೆಟ್ಟು ಬರುವುದನ್ನು ಕಂಡ ಮನುಷ್ಯ ತನಗರಿವಿಲ್ಲದೆಯೇ ಕೈಯನ್ನು ಮುಖದ ಮುಂದೆ ಎತ್ತುತ್ತಾನಂತೆ. ಎತ್ತಿದಾಗ ಹೊರಗಡೆ ಬರುವ ಎಲುಬು ಅದೇ. ಅದರ ಮೇಲೆ ಮಾಂಸದ ಹೊದಿಕೆಯೂ ಕಡಿಮೆ. ಪೊಲೀಸರ ಲಾಠಿಯಿಂದ ಹೆಚ್ಚಾಗಿ ಮುರಿಯುವುದರಿಂದ ಇದನ್ನು ಇಂಗ್ಲಿಷಿನಲ್ಲಿ ‘ನೈಟ್‌ಸ್ಟಿಕ್ ಫ್ರ್ಯಾಕ್ಚರ್’ ಎಂದೇ ಕರೆಯುತ್ತಾರೆಂದು ಹೇಳಿ ಅವರು, “ಯಾವ ಚಳವಳಿಯಲ್ಲಿದ್ದಿ?” ಎಂದು ಕೇಳಿದರು. ಕಿತ್ತೂರಿನ ಚಳವಳಿಯಲ್ಲಿ ಎಂದೆ. ಅವರು ನಗಲಿಲ್ಲ. ಆರು ವಾರ ಪ್ಲಾಸ್ಟರು, ಆಮೇಲೆ ವ್ಯಾಯಾಮ, ಎಲುಬು ಪೂರ್ತಿ ಕೂಡಿಕೊಂಡದ್ದು ಚಿತ್ರದಲ್ಲಿ ಕಾಣುವ ವರೆಗೆ ದೊಣ್ಣೆಯ ಮಾತೇ ಇಲ್ಲ. ಅದಕ್ಕೆ ನಾಲ್ಕು ತಿಂಗಳೂ ಆಗಬಹುದು ಎಂದರು. ನಾನು ಬೆರಳು ಮಡಿಚಿ ಎಣಿಸಿದೆ. ಅಕ್ಟೋಬರ್ 23 ಕೈತಪ್ಪಿತ್ತು.

ಅವ್ವನಿಗೆ ಈ ಪ್ಲಾಸ್ಟರಿನಲ್ಲಿ ನಂಬಿಕೆಯಿಲ್ಲ. ಎಲುಬು ಕಟ್ಟುವವರ ಹತ್ತಿರ ಹೋಗಿ ಸೊಪ್ಪಿನ ಕಟ್ಟು ಹಾಕಿಸಿದರೆ ಹದಿನೈದು ದಿನಕ್ಕೆ ಕೈ ಮೊದಲಿನಂತಾಗುವುದೆಂದು ನೆರೆಮನೆಯ ಅಜ್ಜಿ ಹೇಳಿದ್ದಳು. ಹದಿನೈದು ದಿನ ಎಂದ ಕೂಡಲೆ ನನ್ನ ವಿಜ್ಞಾನನಿಷ್ಠೆ ಒಂದು ಕ್ಷಣ ಅಲುಗಿತೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಹದಿನೈದು ದಿನಗಳಾದರೆ ಅಕ್ಟೋಬರ್ ಸಿಕ್ಕುತ್ತದೆ! ಕೊನೆಗೆ ಅಪ್ಪ ಬೇಡವೆಂದರು. ಅವ್ವ ಕಟ್ಟಿನ ಮಾತನ್ನು ಬಿಟ್ಟಳು, ಆದರೆ ನನ್ನನ್ನು ಬಿಡಲಿಲ್ಲ. “ಕೈ ಮುರಕೊಂಡು ಬಂದೀದಿ, ಇನ್ನೂ ದೊಣ್ಣಿ ದೊಣ್ಣಿ ಅಂತೀಯಲ್ಲೋ! ನಿನಗ ಆ ಚೆನ್ನಮ್ಮ ಪಗಾರ ಕೊಡತಾಳೇನು?” ಎಂಬುದು ಅವಳ ನಿತ್ಯದ ಪ್ರಶ್ನೆ. ಪಗಾರವಿಲ್ಲ. ಆಟವಾದ ಮೇಲೆ ಒಂದು ಊಟ, ಬಸ್ಸಿನ ಖರ್ಚು.

ಹಾಗಾದರೆ ನನಗೇಕೆ ಅಷ್ಟು ಚಡಪಡಿಕೆ? ಇದನ್ನು ನಾನು ಪ್ಲಾಸ್ಟರಿನ ಆರು ವಾರ ಯೋಚಿಸಿದ್ದೇನೆ. ಸಂಜೆ ಆರಾಯಿತೆಂದರೆ ಗರಡಿಮನೆಯ ಕಡೆಯಿಂದ ದೊಣ್ಣೆಗೆ ದೊಣ್ಣೆ ತಾಗುವ ಸದ್ದು ಕೇಳಿಬರುತ್ತಿತ್ತು. ಪುಸ್ತಕ ಎದುರಿಗಿದ್ದರೂ ನನ್ನ ತುಟಿ ಎಣಿಸುತ್ತಿತ್ತು: ನಾಲ್ಕು, ಐದು, ಆರು. ಏಳಕ್ಕೆ ಬಂದಾಗ ಪ್ಲಾಸ್ಟರಿನೊಳಗೆ ಕೈ ತಾನಾಗಿ ಬಿಗಿಯುತ್ತಿತ್ತು. ಒಂದು ದಿನ ಮನೆಯಲ್ಲಿ ಯಾರೂ ಇಲ್ಲದಾಗ ಹಿತ್ತಲಲ್ಲಿ ನಿಂತು ಬಲಗೈಯಿಂದ ಕಸಬರಿಗೆಯ ಹಿಡಿ ತಿರುಗಿಸಿದೆ. ತೋಲ ತಪ್ಪಿ ನುಗ್ಗೆಯ ಗಿಡಕ್ಕೆ ಹೋಗಿ ಗುದ್ದಿಕೊಂಡೆ. ನನ್ನ ಸ್ಥಾನದಲ್ಲಿ ಬೇರೊಬ್ಬ ಹುಡುಗನನ್ನು ಉಸ್ತಾದರು ನಿಲ್ಲಿಸಿದ್ದಾರೆಂದು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೋಡಹೋದರೆ ಅದು ಮೂರನೆಯ ಸಾಲಿನ ಸಿಪಾಯಿಯ ಸ್ಥಾನ. ಅದರಲ್ಲಿ ಮಾತಿಲ್ಲ, ‘ಹರ ಹರ ಮಹಾದೇವ’ ಎಂದು ಎಲ್ಲರ ಜೊತೆ ಕೂಗುವುದಷ್ಟೆ. ಆದರೂ ನಾನಿಲ್ಲದೆ ಕಿತ್ತೂರು ಗೆಲ್ಲುವುದಾದರೂ ಹೇಗೆ ಎಂಬ ಭಾವನೆ! ಅಹಂಕಾರಕ್ಕೆ ದೊಡ್ಡ ಪಾತ್ರವೇ ಬೇಕೆಂದಿಲ್ಲ.

ನಮ್ಮ ಕಾಲೇಜಿನ ಒಬ್ಬ ಅಧ್ಯಾಪಕರು ನನ್ನ ಈ ಸಂಕಟವನ್ನು ಕೇಳಿ, “ನಿಮಗೆ ಬೇಕಾದದ್ದು ಚರಿತ್ರೆಯಲ್ಲಪ್ಪ, ಹೊಡೆದಾಟ, ಅದಕ್ಕೆ ಚೆನ್ನಮ್ಮನ ಹೆಸರು ಹೇಳಿಕೊಳ್ಳುತ್ತೀರಿ” ಎಂದರು. ಅವರ ಮೇಲೆ ನನಗೆ ಗೌರವವಿದೆ. ಆ ಮಾತಿನ ಒಂದು ಪಾಲನ್ನು ಒಪ್ಪುತ್ತೇನೆ. ಹೊಡೆದಾಟ ನಮಗೆ ಇಷ್ಟವೇ. ಆದರೆ ಜಗಳಗಂಟನಿಗೆ ಈ ಆಟ ಬರುವುದಿಲ್ಲ. ಸಿಟ್ಟಿನವನು ಒಂದು ಗೇಣು ಈಚೆಗೆ ನಿಲ್ಲಲಾರ. ಇದೇ ಬಗೆಯ ಆಟವನ್ನು ಬೇರೆ ದೇಶಗಳಲ್ಲಿ ದೊಡ್ಡ ಪ್ರಮಾಣದಲ್ಲಿ ಆಡುತ್ತಾರೆಂಬುದನ್ನು ಈ ಬಿಡುವಿನಲ್ಲಿಯೇ ಓದಿ ತಿಳಿದೆ. ಅಮೆರಿಕದ ಬರ್ಕ್ಲಿ ಎಂಬ ಊರಲ್ಲಿ 1966ರಲ್ಲಿ ಕೆಲವು ಗೆಳೆಯರು ಕೂಡಿ ಮಧ್ಯಯುಗದ ಯುರೋಪಿನ ಕಾಳಗಗಳನ್ನು ಆಡುವ ಒಂದು ಸಂಘ ಕಟ್ಟಿದರು. ಅವರ ಕತ್ತಿಗಳು ಬೆತ್ತದವು. ಅವರಲ್ಲಿ ಒಂದು ನಿಯಮವಿದೆ: ಪೆಟ್ಟು ಸರಿಯಾಗಿ ಬಿತ್ತೋ ಇಲ್ಲವೋ ಎಂಬುದನ್ನು ಪೆಟ್ಟು ತಿಂದವನೇ ಹೇಳಬೇಕು, ಬಿದ್ದಿದ್ದರೆ ಅವನೇ ಒಪ್ಪಿ ನೆಲಕ್ಕೆ ಬೀಳಬೇಕು. ಇದನ್ನು ಓದಿದಾಗ ನನ್ನ ಮನಸ್ಸಿಗೆ ಬಂದದ್ದು ನನ್ನ ಏಳನೆಯ ಎಣಿಕೆ. ಪೆಟ್ಟು ತಿಂದವನು ನಾನು. ತಪ್ಪು ನನ್ನದೇ ಎಂದು ಊರಿನ ಎದುರು ಹೇಳಬೇಕಾದವನೂ ನಾನೇ. ಆ ತನಕ ನಾನು ಹೇಳಿರಲಿಲ್ಲ. “ಆಟದಾಗ ಆತು” ಎಂದಷ್ಟೇ ಹೇಳಿಕೊಂಡು ತಿರುಗುತ್ತಿದ್ದೆ.

ಅಕ್ಟೋಬರ್ 23ರ ರಾತ್ರಿ, ಕೈಯನ್ನು ಜೋಳಿಗೆಯಲ್ಲಿ ಹಾಕಿಕೊಂಡು, ಜನರ ನಡುವೆ ತಟ್ಟಿನ ಮೇಲೆ ಕುಳಿತು ಮೊಟ್ಟಮೊದಲ ಸಲ ನಮ್ಮ ರೂಪಕವನ್ನು ನಾನು ನೋಡಿದೆ. ಮೂರು ವರ್ಷ ಅದರೊಳಗಿದ್ದೆ. ಧೂಳು, ಬೆವರು, ಪಕ್ಕದವನ ಮೊಣಕೈ ಇವಿಷ್ಟೇ ನನಗೆ ಗೊತ್ತಿದ್ದ ಕಿತ್ತೂರು. ಕರಡಿ ಮಜಲು ಗುಡುಗಿತು. ಹೆಬ್ಬಾಗಿಲಿನ ಪರದೆ ಸರಿಯಿತು. ನಮ್ಮವರು ನುಗ್ಗಿದರು. ಅಮಟೂರ ಬಾಳಪ್ಪನ ಗುಂಡಿಗೆ ಥ್ಯಾಕರೆ ಕುದುರೆಯಿಂದ ಜಾರಿದ, ಚಪ್ಪಾಳೆ, ಸಿಳ್ಳು. ಚೆನ್ನಮ್ಮನ ಪಾತ್ರದ ಹುಡುಗಿ ಕತ್ತಿಯನ್ನು ಮೇಲೆತ್ತಿದಳು. ದೀಪ ಆರಿತು. ಎರಡೇ ನಿಮಿಷದಲ್ಲಿ ಜನ ತಟ್ಟು ಮಡಿಚಿಕೊಂಡು ಟ್ರ್ಯಾಕ್ಟರುಗಳ ಕಡೆ ನಡೆದರು. ನನ್ನ ಪಕ್ಕದಲ್ಲಿ ಕುಳಿತಿದ್ದ, ಐದನೆಯ ಇಯತ್ತೆಯವನಿರಬಹುದಾದ ಒಬ್ಬ ಹುಡುಗ ನನ್ನ ಜೋಳಿಗೆಯನ್ನೇ ನೋಡುತ್ತಿದ್ದವನು, “ಅಣ್ಣಾ, ಆಮ್ಯಾಲ ಏನಾತು?” ಎಂದು ಕೇಳಿದ. ನನ್ನ ಕೈಯ ವಿಷಯ ಕೇಳುತ್ತಿದ್ದಾನೆಂದುಕೊಂಡು, “ಮುರಿದೈತಿ, ಕೂಡತೈತಿ” ಎಂದೆ. “ಅಲ್ಲ, ರಾಣೀದು” ಎಂದ ಹುಡುಗ.

ಆಮೇಲೆ ಏನಾಯಿತೆಂಬುದು ನಮಗೆಲ್ಲ ಪರೀಕ್ಷೆಗೆ ಬೇಕಾದಷ್ಟು ಗೊತ್ತು. 1824ರ ಸೆಪ್ಟೆಂಬರಿನಲ್ಲಿ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡ. ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅಕ್ಟೋಬರ್ 23ರಂದು ಅವನು ಕಿತ್ತೂರ ಬಾಗಿಲಲ್ಲೇ ಮಡಿದ. ಇಲ್ಲಿಯ ವರೆಗೆ ನಮ್ಮ ರೂಪಕ. ಡಿಸೆಂಬರಿನ ಮೊದಲ ವಾರದಲ್ಲಿ ಕಂಪನಿ ಸರಕಾರ ದೊಡ್ಡ ಸೈನ್ಯದೊಡನೆ, ದೊಡ್ಡ ತೋಪುಗಳೊಡನೆ ಮರಳಿ ಬಂತು. ಆ ಕಾಳಗದಲ್ಲಿ ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ ಸತ್ತ. ಆದರೆ ಕೋಟೆ ಬಿತ್ತು. ಚೆನ್ನಮ್ಮ ಸೆರೆಯಾದಳು. ನಮ್ಮ ಊರುಗಳ ಯಾರ ಯಾರ ಅಜ್ಜ-ಮುತ್ತಜ್ಜಂದಿರ ಎಲುಬುಗಳು ಆ ವಾರ ಮುರಿದವೋ! ಅವರಿಗೆ ಪ್ಲಾಸ್ಟರು ಇರಲಿಲ್ಲ. ಮರಳಿ ಹೋಗಲು ಸೈನ್ಯವೂ ಉಳಿಯಲಿಲ್ಲ. ಅಕ್ಟೋಬರಿಗೂ ಡಿಸೆಂಬರಿಗೂ ನಡುವೆ ಇದ್ದದ್ದು ಆರೇ ವಾರ. ನನ್ನ ಡಾಕ್ಟರು ಪ್ಲಾಸ್ಟರಿಗೆ ಹಾಕಿದ ಅವಧಿಯೂ ಅದೇ. ಈ ಲೆಕ್ಕ ಹೊಳೆದ ದಿನದಿಂದ ನನಗೆ ನಮ್ಮ ರೂಪಕದ ಅಂತ್ಯದಲ್ಲಿ ಸಮಾಧಾನವಿಲ್ಲ.

ಆ ಆರು ವಾರಗಳ ಕಥೆಯಲ್ಲಿ ನಾವು ಬಿಟ್ಟುಬಿಟ್ಟಿರುವ ಒಬ್ಬ ಮನುಷ್ಯನಿದ್ದಾನೆ. ಅಕ್ಟೋಬರಿನ ಯುದ್ಧದಲ್ಲಿ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ, ಇನ್ನೊಬ್ಬ ಸ್ಟೀವನ್‌ಸನ್. ನಮ್ಮ ರೂಪಕದಲ್ಲಿ ಎಲಿಯಟ್ಟನದು ನಗೆಯ ಪಾತ್ರ. ಅವನನ್ನು ಹಗ್ಗದಿಂದ ಕಟ್ಟಿ ಎಳೆದು ತರುತ್ತೇವೆ, ಅವನ ಟೊಪ್ಪಿಗೆ ಬೀಳುತ್ತದೆ, ಜನ ನಗುತ್ತಾರೆ. ನಿಜವಾದ ಎಲಿಯಟ್ ಆಗ ಇಪ್ಪತ್ತೊಂದು ವರ್ಷದವನು, ಹೆಚ್ಚುಕಡಿಮೆ ನಮ್ಮ ವಯಸ್ಸು. ಕಿತ್ತೂರಿನವರು ಅವನನ್ನು ಕೊಲ್ಲಲಿಲ್ಲ; ಡಿಸೆಂಬರಿನ ಕಾಳಗಕ್ಕೆ ಮುಂಚೆಯೇ ಬಿಟ್ಟುಕೊಟ್ಟರು. ಬಿಡುಗಡೆಯಾದವನು ಮುಂದೆ ಇದೇ ಸೀಮೆಯಲ್ಲಿ ತಿರುಗಾಡಿ ನಮ್ಮ ಶಿಲಾಶಾಸನಗಳ ಪ್ರತಿಗಳನ್ನು ನೂರಾರು ಸಂಖ್ಯೆಯಲ್ಲಿ ಮಾಡಿಸಿದ. ಚಾಲುಕ್ಯರ ಚರಿತ್ರೆಯನ್ನು ಕಟ್ಟಿದವರಿಗೆ ಅವನ ಸಂಗ್ರಹ ಆಧಾರವಾಯಿತು. ನಾವು ತರಗತಿಯಲ್ಲಿ ಕುಳಿತು ಓದುವ ಕರ್ನಾಟಕದ ಇತಿಹಾಸದಲ್ಲಿ, ಕಿತ್ತೂರಿನವರು ಎತ್ತಿದ ಕೈಯನ್ನು ಇಳಿಸಿದ್ದರಿಂದ ಉಳಿದು ಬಂದ ಪಾಲೂ ಉಂಟು. ಇದನ್ನು ಆಡಿ ತೋರಿಸಲು ಬಾರದೆ? ಟೊಪ್ಪಿಗೆ ಬೀಳುವುದಕ್ಕಿಂತ ಇದು ಒಳ್ಳೆಯ ದೃಶ್ಯವೆಂದು ನನ್ನ ಅಭಿಪ್ರಾಯ.

ಇನ್ನು ಚೆನ್ನಮ್ಮ. ಅವಳನ್ನು ಬೈಲಹೊಂಗಲದ ಕೋಟೆಯಲ್ಲಿ ಇಟ್ಟರು. 1829ರ ಫೆಬ್ರುವರಿಯಲ್ಲಿ ಅಲ್ಲಿಯೇ ತೀರಿಕೊಂಡಳು. ಸಮಾಧಿಯೂ ಅಲ್ಲಿಯೇ ಇದೆ. ನಾಲ್ಕು ವರ್ಷಗಳ ಮೇಲೆ! ನಾನು ನಾಲ್ಕು ತಿಂಗಳಿಗೆ ನುಗ್ಗೆಯ ಗಿಡಕ್ಕೆ ಗುದ್ದಿಕೊಂಡವನು. ಕತ್ತಿ ಹಿಡಿದ ಚೆನ್ನಮ್ಮನ ವಿಗ್ರಹಗಳು ನಮ್ಮ ನಾಡಿನ ಊರೂರಲ್ಲಿವೆ. 1961ರ ಸಿನಿಮಾದಲ್ಲಿ ಬಿ. ಸರೋಜಾದೇವಿಯವರನ್ನು ಆ ವೇಷದಲ್ಲಿ ಕಂಡವರು ಇಂದಿಗೂ ಅದನ್ನೇ ವರ್ಣಿಸುತ್ತಾರೆ. ಆದರೆ ಕತ್ತಿ ಹಿಡಿದದ್ದು ಅವಳ ಬದುಕಿನ ಕೆಲವು ವಾರಗಳು. ಕಿಟಕಿಯ ಬಳಿ ಕುಳಿತದ್ದು ಸಾವಿರದೈನೂರು ದಿನಗಳು. ಆ ದಿನಗಳಲ್ಲಿ ಅವಳು ಏನನ್ನು ಎಣಿಸುತ್ತಿದ್ದಳೋ! ಸಂಗೊಳ್ಳಿ ರಾಯಣ್ಣ ವೇಷ ಮರೆಸಿಕೊಂಡು ಬಂದು ಅವಳನ್ನು ಕಂಡು ಹೋಗುತ್ತಿದ್ದನೆಂದು ಲಾವಣಿಯವರು ಹಾಡುತ್ತಾರೆ.

ರಾಯಣ್ಣನೂ ಕಾದವನೇ. 1824ರಲ್ಲಿ ಅವನೂ ಸೆರೆ ಸಿಕ್ಕಿ, ಆಮೇಲೆ ಬಿಡುಗಡೆ ಪಡೆದು ಊರಿಗೆ ಬಂದ. ಶೇತಸನದಿಯ ಚಾಕರಿಗೆಂದು ಇದ್ದ ಹೊಲ ಹೋಯಿತು, ಉಳಿದದ್ದಕ್ಕೆ ಕರ ಏರಿತು. ಸುಮಾರು ಐದು ವರ್ಷ ಅವನ ಕೈ ಕಟ್ಟಿಹಾಕಿದಂತಿತ್ತು. 1829-30ರಲ್ಲಿ ಅವನು ಜನ ಕೂಡಿಸಿ ಮತ್ತೆ ಎದ್ದಾಗ ಗೆದ್ದ ಸೈನ್ಯವೊಂದರ ಅಬ್ಬರ ಅಲ್ಲಿರಲಿಲ್ಲ. ಸೋತ ಮೇಲೆ ಉಳಿದವರ ಹಟವಿತ್ತು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ನಾವೆಲ್ಲ ರಾಯಣ್ಣನ ಶೌರ್ಯವನ್ನು ಹಾಡುತ್ತೇವೆ. ಆ ಐದು ವರ್ಷಗಳನ್ನು ಹಾರಿ ಹೋಗುತ್ತೇವೆ. ಡಿಸೆಂಬರನ್ನು ತೋರಿಸದೆ ರಾಯಣ್ಣ ಯಾಕೆ ಎದ್ದನೆಂಬುದು ಆ ಐದನೆಯ ಇಯತ್ತೆಯ ಹುಡುಗನಿಗೆ ಹೇಗೆ ತಿಳಿಯಬೇಕು?

ಆದುದರಿಂದ ಪ್ಲಾಸ್ಟರು ಬಿಚ್ಚಿದ ವಾರವೇ ನಾನು ತಂಡಕ್ಕೆ ಒಂದು ಅರ್ಜಿ ಬರೆದುಕೊಟ್ಟೆ. ಮುಂದಿನ ವರ್ಷದಿಂದ ರೂಪಕ ಡಿಸೆಂಬರಿನ ವರೆಗೆ ನಡೆಯಬೇಕು, ಕೋಟೆ ಬೀಳಬೇಕು, ನಮ್ಮ ಸಾಲು ಕೆಳಗೆ ಬೀಳಬೇಕು, ಚೆನ್ನಮ್ಮ ಒಬ್ಬಳೇ ಕುಳಿತ ಒಂದು ದೃಶ್ಯವಿರಬೇಕು, ಅದರಲ್ಲಿ ಹಲಗೆಯಾಗಲಿ ಪಟಾಕಿಯಾಗಲಿ ಇರಕೂಡದು. ಅರ್ಜಿಯನ್ನು ಓದಿಸಿ ಕೇಳಿದ ಉಸ್ತಾದರು, “ಸೋತಿದ್ದನ್ನ ಯಾರ ನೋಡತಾರೋ ತಮ್ಮಾ? ಮಂದಿ ಚಪ್ಪಾಳಿ ಹೊಡದು ಮನಿಗಿ ಹೋಗಬೇಕು, ಕಣ್ಣೀರ ಒರಸಕೋತ ಹೋಗಬಾರ್ದು” ಎಂದರು. ಕೆಂಪು ಕೋಟಿನವರು ಮಾತ್ರ ಒಳಗೊಳಗೇ ಸಂತೋಷಪಟ್ಟರು. ಅಷ್ಟು ವರ್ಷ ಸತ್ತವರಿಗೆ ಒಮ್ಮೆ ಗೆಲ್ಲುವ ಆಸೆ ಸಹಜ.

ಉಸ್ತಾದರ ಮಾತಿಗೆ ನನ್ನ ಉತ್ತರವಿದೆ; ಅವರೆದುರು ಹೇಳುವ ಧೈರ್ಯ ಸಾಲದೆ ಇಲ್ಲಿ ಬರೆಯುತ್ತಿದ್ದೇನೆ. ಇಂಗ್ಲೆಂಡಿನ ಹೇಸ್ಟಿಂಗ್ಸ್ ಯುದ್ಧ ನಡೆದದ್ದು 1066ರ ಅಕ್ಟೋಬರ್ 14ರಂದು. ಆ ನೆಲದಲ್ಲಿರುವ ಊರಿನ ಹೆಸರೇ ‘ಬ್ಯಾಟಲ್’. ಅಲ್ಲಿಯ ಹಳೆಯ ಮಠದ ಬಯಲಿನಲ್ಲಿ ಅಕ್ಟೋಬರ್ ತಿಂಗಳಲ್ಲಿ ಆ ಯುದ್ಧವನ್ನು ಆಡಿ ತೋರಿಸುತ್ತಾರೆ. ಆಡಿದಾಗಲೆಲ್ಲ ಇಂಗ್ಲೆಂಡಿನ ದೊರೆ ಹೆರಾಲ್ಡ್ ಸೋಲುತ್ತಾನೆ, ಸಾಯುತ್ತಾನೆ. ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ ವಿಲಿಯಂ ಗೆಲ್ಲುತ್ತಾನೆ. ಫಲಿತಾಂಶ ಗೊತ್ತಿದ್ದೂ ಇಂಗ್ಲಿಷರು ಮಕ್ಕಳನ್ನು ಕರೆದುಕೊಂಡು ಬಂದು ನೋಡುತ್ತಾರೆ. ಇನ್ನು ಅಮೆರಿಕದ ಗೆಟ್ಟಿಸ್‌ಬರ್ಗಿನಲ್ಲಿ 1863ರಲ್ಲಿ ಉತ್ತರ-ದಕ್ಷಿಣದ ಅಂತರ್ಯುದ್ಧದ ಘೋರ ಕಾಳಗ ನಡೆದಿತ್ತು. ಐವತ್ತು ವರ್ಷಗಳ ಮೇಲೆ, 1913ರಲ್ಲಿ, ಎರಡೂ ಕಡೆಯ ಐವತ್ತು ಸಾವಿರಕ್ಕೂ ಹೆಚ್ಚು ಮುದುಕ ಯೋಧರು ಅಲ್ಲಿ ಕೂಡಿದರು. ಅಂದು ಸೋತ ದಕ್ಷಿಣದ ಕಡೆಯವರು ತಾವು ಹರೆಯದಲ್ಲಿ ನುಗ್ಗಿದ್ದ ಅದೇ ಹೊಲದಲ್ಲಿ ಮತ್ತೊಮ್ಮೆ ನಡೆದು ಬಂದರು. ಕಲ್ಲಿನ ಗೋಡೆಯ ಬಳಿ ಕಾದು ನಿಂತಿದ್ದ ಹಳೆಯ ವೈರಿಗಳು ಗೋಡೆಯ ಮೇಲಿನಿಂದ ಕೈ ಚಾಚಿ ಕುಲುಕಿದರು. ಸೋಲನ್ನು ಮತ್ತೆ ನಡೆದು ತೋರಿಸಲು ಆ ಮುದುಕರಿಗೆ ನಾಚಿಕೆಯಾಗಲಿಲ್ಲ. ನಮಗೇಕೆ ಆಗಬೇಕು?

ಒಂದು ಆಕ್ಷೇಪಣೆಯನ್ನು ನಾನೇ ಎತ್ತುತ್ತೇನೆ. ಕೈ ಮುರಿಯದೆ ಇದ್ದಿದ್ದರೆ ನಾನು ಈ ಅರ್ಜಿಯನ್ನು ಬರೆಯುತ್ತಿದ್ದೆನೆ? ಇಲ್ಲ. ಹದಿನೆಂಟನೆಯ ಸಲ ಗೆಳೆಯನನ್ನು ಕೊಂದು ಭಜಿ ತಿನ್ನಲು ಹೋಗುತ್ತಿದ್ದೆ. ಕೆಲಸವಿಲ್ಲದೆ ಕುಳಿತವನ ತಲೆಗೆ ಬಂದ ವಿಚಾರ ಇದು. ಹಾಗೆಂದು ಅದು ಸುಳ್ಳಾಗುವುದಿಲ್ಲವಷ್ಟೆ. ಖರ್ಚಿನ ಮಾತೂ ಇದೆ: ಡಿಸೆಂಬರಿನ ಸೈನ್ಯಕ್ಕೆ ಕೆಂಪು ಕೋಟುಗಳು ಇಮ್ಮಡಿ ಬೇಕು, ಬ್ಯಾಂಡಿನವರಲ್ಲಿ ಅಷ್ಟಿಲ್ಲ. ಅಕ್ಟೋಬರದಲ್ಲಿ ಸತ್ತವರೇ ಎದ್ದು ಇನ್ನೊಂದು ಕಡೆಯಿಂದ ಬರಲಿ ಎಂಬುದು ನನ್ನ ಸಲಹೆ.

ಈಗ ನನ್ನ ಕೈಯ ವಿಷಯ. ಎಲುಬಿನ ಮುರಿದ ಜಾಗದಲ್ಲಿ ಮೋಡದ ಹಾಗೆ ಬಿಳಿಯ ಗಂಟು ಕಟ್ಟಿಕೊಂಡದ್ದು ಚಿತ್ರದಲ್ಲಿ ಕಾಣುತ್ತದೆ. ಆರು ವಾರ ಸುಮ್ಮನಿದ್ದ ಕೈ ಸೊರಗಿ ಬಲಗೈಯ ತಮ್ಮನಂತಾಗಿದೆ. ದಿನಕ್ಕೆ ಮೂರು ಸಲ ರಬ್ಬರಿನ ಚೆಂಡನ್ನು ಹಿಚುಕುತ್ತೇನೆ, ನೀರು ತುಂಬಿದ ತಂಬಿಗೆಯನ್ನು ಹಿಡಿದು ಮಣಿಕಟ್ಟನ್ನು ಆ ಕಡೆ ಈ ಕಡೆ ತಿರುಗಿಸುತ್ತೇನೆ. ರಾಯಣ್ಣನ ದಿನದಂದು, ಜನವರಿ 26ಕ್ಕೆ, ಪಕ್ಕದ ಊರಲ್ಲಿ ನಮ್ಮ ಆಟವಿದೆ. ಡಾಕ್ಟರು ಅದಕ್ಕೆ ಒಂದು ವಾರ ಮೊದಲು ಮತ್ತೊಂದು ಚಿತ್ರ ತೆಗೆದು ನೋಡಿ ಹೇಳುತ್ತಾರಂತೆ.

ಗೆಳೆಯನ ವಿಷಯ ಕಷ್ಟದ್ದು. ಅವನ ಕೈ ಮುರಿದಿಲ್ಲ, ಆದರೆ ಆ ಸಂಜೆಯಿಂದ ಅವನು ದೊಣ್ಣೆ ಮುಟ್ಟಿಲ್ಲ. ಅಕ್ಟೋಬರದಲ್ಲಿ ಅವನ ಕೆಂಪು ಕೋಟನ್ನು ಬೇರೆಯವರು ಹಾಕಿಕೊಂಡರು. ಬಸ್ಸಿನಲ್ಲಿ ನನ್ನ ಎಡಗಡೆ ಕುಳಿತುಕೊಳ್ಳುವುದಿಲ್ಲ, ಬಲಗಡೆಗೇ ಬರುತ್ತಾನೆ. ನಾನು ಮರಳಿ ಹೋಗಲು ಚಡಪಡಿಸುತ್ತಿದ್ದ ಅಷ್ಟು ದಿನವೂ, ನಾನು ಮರಳುವುದೆಂದರೆ ಅವನೆದುರಿಗೆ ಮರ‍ಳುವುದೆಂಬ ವಿಚಾರ ನನಗೆ ಬರಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಗರಡಿಮನೆಯಲ್ಲಿ ಎಲ್ಲರೂ ಇದ್ದಾಗ ಹೋಗಿ, ಢಾಲಿನ ಬಾರಿನ ವಿಷಯವನ್ನೂ ಮೊಬೈಲಿನ ವಿಷಯವನ್ನೂ, ಮುಂದೆ ಹಾಕಿದ ಆ ಒಂದು ಹೆಜ್ಜೆಯ ವಿಷಯವನ್ನೂ ಹೇಳಿದೆ. ಉಸ್ತಾದರು, “ಗೊತ್ತೈತಿ” ಎಂದರು. ಅವರಿಗೆ ಮೊದಲೇ ಗೊತ್ತಿತ್ತು. ಗೆಳೆಯ ಏನೂ ಹೇಳಲಿಲ್ಲ.

ಹೋದ ವಾರ ಅವನು ನಮ್ಮ ಮನೆಗೆ ಬಂದ. ಅವ್ವ ಚಹಾ ಕೊಟ್ಟಳು. “ದೋಸ್ತ, ದೊಣ್ಣಿ ಹಿಡಿದ್ರ ನನ್ನ ಕೈ ಇನ್ನೂ ನಡಗತೈತಿ” ಎಂದ. ದೊಣ್ಣೆ ಬೇಡ ಎಂದೆ. ಹಿತ್ತಲಿಗೆ ಹೋಗಿ ಎದುರುಬದುರಾಗಿ ನಿಂತೆವು. ಬರಿಗೈಯಲ್ಲಿ, ಬಹಳ ಸಾವಕಾಶವಾಗಿ, ಎಣಿಸಲು ಆರಂಭಿಸಿದೆವು. ಒಂದು. ಎರಡು. ಮೂರಕ್ಕೆ ಹಿಂದೆ ಸರಿದೆ. ಏಳು ಬಂದಾಗ ಅವನು ಎತ್ತಿದ ಕೈಯನ್ನು ಹಾಗೆಯೇ ನಿಲ್ಲಿಸಿ ನನ್ನ ಕಣ್ಣನ್ನು ನೋಡಿದ. ನಾನೂ ನೋಡಿದೆ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವ್ವ, “ಮತ್ತ ಸುರು ಮಾಡಿದ್ರೇನು!” ಎಂದು ಕೂಗಿದಳು. ಅವನು, “ಎಂಟು” ಎಂದ.